ಕ್ಯಾನಿನ ಮುಚ್ಚಳದ ಕೆಳಗೆ

"ಛೀ... ಏನ್ರೀ ಇದು?"

ಹಾಲು ಹಾಕಲು ಸಾಲಾಗಿ ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಆ ಅಪರಿಚಿತ ಯುವಕ ಕ್ಯಾನಿನ ಮುಚ್ಚಳದಿಂದ ರಬ್ಬರ್ ಉಂಗುರ ಕಿತ್ತು ಡೈರಿ ನೋಡಿಕೊಳ್ಳುವ ವಾಣಿಶ್ರೀಯ ಮೂಗಿನ ಹತ್ತಿರ ಹಿಡಿದಿದ್ದ. ಅದರ ಒಳಮೈಗೆ ಹಳದಿ ಲೋಳೆ ಅಂಟಿತ್ತು. ಲೋಳೆಯಲ್ಲಿ ಬಿಳಿಯ ಹುಳವೊಂದು ಮಿಸುಕಾಡಿತು!

ಅವಳು ಮುಖ ಹಿಂದಕ್ಕೆಳೆದುಕೊಂಡಳು. ಆದರೆ ಬಾಯಿಗೆ ಬಂದದ್ದು ಸಿಟ್ಟು.

"ಯಾರ್ರೀ ನೀವು? ಯಾರನ್ನ ಕೇಳಿ ಕ್ಯಾನ್ ಮುಟ್ಟಿದ್ರಿ?"

"ಕನಕರಾಜು ಅಂತ. ಈ ಕಡೆ ಹಾಲಿನ ಗುಣಮಟ್ಟ ನೋಡೋಕೆ ಹೊಸದಾಗಿ ಬಂದಿದೀನಿ." ಅವನು ದನಿ ತಗ್ಗಿಸಿದ. "ಒಂದು ಮಾತು ಕೇಳ್ಲಾ? ಈ ಕ್ಯಾನಿನ ಹಾಲಲ್ಲಿ ನೀವು ಕಾಫಿ ಕುಡೀತೀರಾ?"

ಹೂಂ ಅಂತ ವಾಣಿಶ್ರೀ ಹೇಗೆ ಅಂದಾಳು? ದಿನಾ ಬೆಳಿಗ್ಗೆ ಅವಳ ತಾಯಿ ಬಸವಮ್ಮ ಮನೆಯ ಹಸುವಿನ ಹಾಲಲ್ಲಿ ಒಂದು ಚೊಂಬು ಬೇರೆ ತೆಗೆದಿಟ್ಟ ಮೇಲೆಯೇ ಉಳಿದದ್ದು ಡೈರಿಗೆ ಬರುತ್ತಿತ್ತು!

"ಒಂದು ವಾರ ಟೈಮ್ ಕೊಡ್ತೀನಿ. ಮೇಲಕ್ಕೆ ಏನೂ ಬರೆಯಲ್ಲ" ಎಂದು ಹೇಳಿ ಅವನು ಬೈಕ್ ಹತ್ತಿದ.

'ಇಷ್ಟು ಜನರ ಮುಂದೆ ನನ್ನ ಮಾನ ಕಳೆದುಬಿಟ್ಟನಲ್ಲ... ಥೂ, ಇವನ ಮುಖ ಮತ್ತೆ ನೋಡಬಾರದು!'

ಪಿರಿಯಾಪಟ್ಟಣದಿಂದ ಅರ್ಧ ಗಂಟೆ ದೂರದ ಹೊನ್ನೇಮರದಕೊಪ್ಪಲಿನ ಆ ಮಹಿಳಾ ಡೈರಿಗೆ ವಾಣಿಶ್ರೀ ಕಾರ್ಯದರ್ಶಿಯಾಗಿ ಒಂಬತ್ತು ವರ್ಷವಾಗಿತ್ತು. ಮೊದಲ ವರ್ಷ ಬಿಸಿನೀರು, ಸೋಡಾ ಹಾಕಿ ಪ್ರತಿ ಕ್ಯಾನನ್ನೂ ತಾನೇ ಉಜ್ಜಿದ್ದಳು. ತಾಲ್ಲೂಕಿಗೇ ಮೊದಲ ಬಹುಮಾನ ಬಂದಿತ್ತು. ಆಮೇಲೆ ಬಿಸಿನೀರು ತಣ್ಣೀರಾಯಿತು. ಉಜ್ಜುವುದು ಹೋಗಿ ಒಂದು ಸಲ ಕುಲುಕಿ ಚೆಲ್ಲುವುದಷ್ಟೇ ಉಳಿಯಿತು. ಯಾರೂ ಏನೂ ಅನ್ನಲಿಲ್ಲ... ನಡೆಯುತ್ತಿದೆಯಲ್ಲ!

ಮದುವೆಯ ಮಾತೂ ಹಾಗೇ. ಬಸವಮ್ಮ ಗಂಡಿನ ಸುದ್ದಿ ತಂದಾಗಲೆಲ್ಲ "ನೋಡನ ಬುಡವ್ವ" ಅನ್ನುತ್ತಲೇ ಅವಳಿಗೆ ಮೂವತ್ತು ತುಂಬಿತು.

ಕನಕರಾಜು ಹೋದ ಮೇಲೂ ಅವಳು ಆ ಉಂಗುರಗಳನ್ನು ಬದಲಿಸಲಿಲ್ಲ. ಹಟಕ್ಕೆ, ತೊಳೆಯುವಾಗ ಒಂದೊಂದು ಚೊಂಬು ನೀರು ಹೆಚ್ಚಿಗೆ ಹಾಕಿ ಕುಲುಕಿದಳು, ಅಷ್ಟೇ.

ನಾಲ್ಕನೇ ದಿನ ಮಧ್ಯಾಹ್ನ ಡೈರಿಯ ಆರೂ ಕ್ಯಾನುಗಳು ಹಾಲಿನ ಕೇಂದ್ರದಿಂದ ಹಾಲಿನ ಸಮೇತ ವಾಪಸ್ ಬಂದವು.

ಮುಚ್ಚಳ ತೆಗೆದದ್ದೇ ತಡ, ಹುಳಿ ನಾತ ಬೀದಿಯಗಲಕ್ಕೂ ಹರಡಿತು. ಒಡೆದ ಹಾಲನ್ನು ಹಿತ್ತಲ ಗುಂಡಿಗೆ ಸುರಿದರು. ಗಡ್ಡೆ ಗಡ್ಡೆಯಾಗಿ ಬಿದ್ದ ಅದರ ಮೇಲೆ ನೊಣಗಳು ಕವಿದವು. ಬೀದಿ ನಾಯಿಯೊಂದು ಮೂಸಿ ನೋಡಿ ಹಿಂದಕ್ಕೆ ಸರಿಯಿತು.

ಒಂದೇ ಹಸು ಕಟ್ಟಿಕೊಂಡು ಬದುಕುತ್ತಿದ್ದ ಮುದುಕಿ ಚಿಕ್ಕಸಿದ್ದಮ್ಮ ಗುಂಡಿಯ ಅಂಚಿಗೆ ಬಂದು ನಿಂತಳು.

"ಮಂಡಿನೋವಲ್ಲಿ ಕುಕ್ಕರಗಾಲಲ್ಲಿ ಕೂತ್ಕಂಡು ಕರೀತೀನಿ ಕಣವ್ವ... ಈ ಗುಂಡಿಗೆ ಸುರಿಯಕ್ಕಾ?"

ವಾಣಿಶ್ರೀಗೆ ತಲೆ ಎತ್ತಲಾಗಲಿಲ್ಲ. 'ಎಲ್ಲಾ ಅವನದೇ ಕೆಲಸ! ಬರೆಯಲ್ಲ ಅಂದು ಬೆನ್ನ ಹಿಂದೆ ಚಾಡಿ ಬರೆದಿದ್ದಾನೆ!'

ಸಿಕ್ಕ ಬಸ್ಸು ಹತ್ತಿ ಪಿರಿಯಾಪಟ್ಟಣದ ಹಾಲಿನ ಕೇಂದ್ರಕ್ಕೆ ಹೋದಳು. ಕನಕರಾಜು ಭುಜದವರೆಗೂ ಕೈ ಇಳಿಬಿಟ್ಟು ಯಾವುದೋ ಕ್ಯಾನಿನ ತಳ ಸವರಿ ನೋಡುತ್ತಿದ್ದ.

"ತೃಪ್ತಿ ಆಯ್ತಾ? ಬಡವರ ಹಾಲು ಗುಂಡಿಗೆ ಸುರಿಸಿದ್ರಲ್ಲ... ನಿಮ್ಮನ್ನ ಕಂಡ್ರೆ ಅಸಹ್ಯ ಆಯ್ತದೆ!"

ಅವನು ಕ್ಯಾನಿನಿಂದ ಕೈ ಹೊರತೆಗೆದ. ಹಾಲು ಪರೀಕ್ಷೆ ಮಾಡುವ ರಾಧಾ ಎದ್ದು ಬಂದಳು.

"ಅಕ್ಕಾ, ಅವರು ಒಂದಕ್ಷರಾನೂ ಬರ್ದಿಲ್ಲ ಕಣ್ರೀ. ಇನ್ನೊಂದ್ ಸಲ ನೋಡಿ ಅಂತ ಗೋಗರೆದ್ರು. ಮೂರು ಸಲ ಪರೀಕ್ಷೆ ಮಾಡ್ದೆ. ಹಾಲು ಒಡೆದೋಗಿತ್ತು... ನಾವೇನ್ ಮಾಡನ?"

ವಾಣಿಶ್ರೀ ಕನಕರಾಜುವಿನ ಕಡೆ ತಿರುಗಿದಳು.

"ನಾನೂ ನಿಮ್ಮಂಗೇ ಇದ್ದೆ" ಅಂದ ಕನಕರಾಜು ಮೆಲ್ಲಗೆ. "ಮುಂಚೆ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ದನಗಳಿಗೆ ಲಸಿಕೆ ಹಾಕ್ತಿದ್ದೆ. ಒಂದಿನ ಲಸಿಕೆ ಪೆಟ್ಟಿಗೇನ ಬಿಸಿಲಲ್ಲೇ ಮರೆತುಬಿಟ್ಟೆ. ಬಿಸಿಗೆ ಲಸಿಕೆ ಕೆಡ್ತದೆ ಅಂತ ಗೊತ್ತಿದ್ರೂ ಏನಾಗಲ್ಲ ಬುಡು ಅಂತ ಅದನ್ನೇ ಚುಚ್ಚಿದೆ. ತಿಂಗಳು ಕಳೆಯೋದ್ರೊಳಗೆ ದಾಸಯ್ಯ ಅನ್ನೋರ ಎರಡು ಹಸು ಚರ್ಮಗಂಟು ರೋಗದಲ್ಲಿ ಸತ್ತವು. ಮೈಯೆಲ್ಲ ಕೀವು... ಆ ನಾತ ಇನ್ನೂ ಮೂಗಲ್ಲೇ ಅದೆ ಕಣ್ರೀ. ನನ್ನನ್ನ ಯಾರೂ ಏನೂ ಕೇಳಲಿಲ್ಲ. ದಾಸಯ್ಯ ನನಗೇ ಕಾಫಿ ಕೊಟ್ಟು ಕಳಿಸಿದ್ರು. ಅವತ್ತು ನನ್ನ ಮೇಲೆ ನನಗೆ ಬಂದ ಹೇಸಿಗೆ ಇವತ್ತಿಗೂ ಹೋಗಿಲ್ಲ."

ಅವಳು ಹೊರಬಂದಳು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಅತ್ತಳು. ಛೀ... ಹುಳ ಬಿದ್ದದ್ದು ರಬ್ಬರಿಗಲ್ಲ, ತನ್ನ ಒಂಬತ್ತು ವರ್ಷಕ್ಕೆ!

ಮರುದಿನ ಕೋಳಿ ಕೂಗುವ ಹೊತ್ತಿಗೆ ಡೈರಿಯ ಮುಂದೆ ಒಲೆ ಹೊತ್ತಿಸಿದಳು. ಹಳೆಯ ಉಂಗುರಗಳನ್ನು ಒಂದೊಂದಾಗಿ ಬರಿಗೈಯಲ್ಲೇ ಕಿತ್ತಳು. ಮೂರನೆಯದಕ್ಕೆ ವಾಂತಿಯಾಯಿತು. ಬಾಯಿ ತೊಳೆದುಕೊಂಡು ಬಂದು ನಾಲ್ಕನೆಯದಕ್ಕೆ ಕೈ ಹಾಕಿದಳು.

ಹೆಂಗಸರು ಬಂದಾಗ ಕೈ ಮುಗಿದಳು. "ನಿಮ್ಮಾಲು ಹಾಳಾಗಿದ್ದು ನನ್ನಿಂದ. ತಪ್ಪು ನಂದೇ."

ಚಿಕ್ಕಸಿದ್ದಮ್ಮ ಅವಳನ್ನು ದಿಟ್ಟಿಸಿದಳು. "ಬಾಯಲ್ಲಿ ಅಂದ್ರೆ ಆಯ್ತಾ? ಮಾಡಿ ತೋರ್ಸು."

ಹೊಸ ಉಂಗುರ ಹಾಕಿ, ದಿನಾ ಬಿಸಿನೀರಲ್ಲಿ ಕ್ಯಾನು ಉಜ್ಜಿ ವಾಣಿಶ್ರೀ ಮಾಡಿ ತೋರಿಸಿದಳು. ವಾರ ಕಳೆದು ಕನಕರಾಜು ಬಂದಾಗ, ಎಲ್ಲರ ಮುಂದೆ ಕ್ಯಾನಿನಿಂದಲೇ ಹಾಲು ತೆಗೆದು ಕಾಯಿಸಿದಳು. ಮೊದಲ ಲೋಟ ತಾನು ಕುಡಿದು, ಎರಡನೆಯದನ್ನು ಅವನ ಕೈಗಿತ್ತಳು. ಬಿಸಿನೀರಲ್ಲಿ ಬೆಂದು ಕೆಂಪಾಗಿದ್ದ ಅವಳ ಬೆರಳುಗಳನ್ನು ನೋಡುತ್ತ ಅವನು ಲೋಟ ಖಾಲಿ ಮಾಡಿದ.

ಅಂದಿನಿಂದ ಪ್ರತಿ ಮಂಗಳವಾರ ಅವನು ಬರುತ್ತಿದ್ದ. ಕ್ಯಾನು ನೋಡಲು ಐದು ನಿಮಿಷ, ಮಾತಿಗೆ ಅರ್ಧ ಗಂಟೆ. ಮಂಗಳವಾರ ಅವಳು ಹೂವು ಮುಡಿಯುವುದನ್ನು ಬಸವಮ್ಮ ಕಂಡೂ ಕಾಣದಂತಿದ್ದಳು.

ಐದನೇ ತಿಂಗಳು ಅವನ ಬದಲು ಬೇರೊಬ್ಬರು ಬಂದರು.

"ಕನಕರಾಜು? ಕೋಟೆ ಕಡೆ ಲಸಿಕೆ ಕೆಲಸಕ್ಕೇ ವಾಪಸ್ ಹೋದ್ರು. ತಾವೇ ಕೇಳ್ಕೊಂಡ್ರಂತೆ."

ಒಂದು ಮಾತೂ ಹೇಳದೆ!

'ಬೇಕಾದರೆ ಅವರೇ ಫೋನ್ ಮಾಡುತ್ತಾರೆ ಬಿಡು...' ಹೀಗೆಂದುಕೊಂಡೇ ಎರಡು ವಾರ ಕಳೆದಳು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತನ್ನ ಮನಸ್ಸಿನ ಆ ಮಾತು ತನಗೇ ಕೇಳಿಸಿತು. ಹೇಸಿಗೆಯಾಯಿತು. ಥೂ, ಮತ್ತೆ ಅದೇ!

ಹಾಲಿನ ಗಾಡಿ ಹೊರಟ ಕೂಡಲೇ ಹುಣಸೂರಿನ ಬಸ್ಸು ಹತ್ತಿದಳು. ಅಲ್ಲಿಂದ ಎಚ್.ಡಿ. ಕೋಟೆಗೆ.

ಹುಡುಕುವ ಕಷ್ಟವೇ ಆಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಐಸ್ ತುಂಬಿದ ಲಸಿಕೆ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಅವನು ಕೂತಿದ್ದ. ಅವಳನ್ನು ಕಂಡು ತಟ್ಟನೆ ಎದ್ದ.

"ವಾಣಿ...! ನೀವಿಲ್ಲಿ?"

"ಹೇಳದೇ ಬಂದುಬಿಟ್ರಲ್ಲ... ನಾನು ನಿಮಗೆ ಏನೂ ಅಲ್ವಾ?" ಅವಳು ಇನ್ನೂ ಹತ್ತಿರ ಬಂದಳು. "ನಿಮ್ಮನ್ನ ಕಂಡ್ರೆ ನಂಗಿಷ್ಟ. ಇದನ್ನ ಹೇಳಕ್ಕೇ ಬಂದೆ. ನಾಳೆ ಹೇಳನ ಅಂತ ಕೂತಿದ್ರೆ ಇನ್ನೂ ಒಂಬತ್ತು ವರ್ಷ ಆಗೋಗದು!"

ಅವನ ಕಣ್ಣು ತುಂಬಿತು.

"ನನಗೂ ಇಷ್ಟ ಕಣ್ರೀ... ಪ್ರತಿ ಮಂಗಳವಾರ ಹೇಳಬೇಕು ಅಂತಲೇ ಬರ್ತಿದ್ದೆ. ಆದ್ರೆ ದಾಸಯ್ಯಂಗೆ ನಿಜ ಹೇಳದೇ ಇರೋ ನನ್ನಂಥವನು ನಿಮ್ಮನ್ನ ಯಾವ ಮುಖ ಇಟ್ಕೊಂಡು ಕೇಳಲಿ? ಅದಕ್ಕೇ ವಾಪಸ್ ಬಂದೆ. ಬೆಳಿಗ್ಗೆಯಿಂದ ಅವರೂರಿಗೆ ಎರಡು ಬಸ್ ಹೋದ್ವು... ಕಾಲೇ ಏಳಲಿಲ್ಲ."

ದಾಸಯ್ಯನ ಊರಿನ ಮೇಲೆ ಹೋಗುವ ಅಂತರಸಂತೆಯ ಬಸ್ಸು ಹಾರನ್ ಮಾಡುತ್ತ ಬಂದು ನಿಂತಿತು. ಅವನು ಉಸಿರೆಳೆದುಕೊಂಡು ಪೆಟ್ಟಿಗೆಗೆ ಕೈ ಹಾಕಿದ.

"ಹೋಗಿ ಹೇಳಿ ಬರ್ತೀನಿ. ಇಲ್ಲೇ ಕಾಯ್ತೀರಾ?"

"ಇಲ್ಲ, ಕಾಯಲ್ಲ."

ಅವನ ಮುಖ ಸಪ್ಪಗಾಯಿತು. ಅವಳು ಬಗ್ಗಿ ಪೆಟ್ಟಿಗೆಯ ಇನ್ನೊಂದು ಹಿಡಿಯನ್ನು ಹಿಡಿದಳು.

"ನಾನೂ ಬತ್ತೀನಿ. ಎತ್ತಿ ಆ ಕಡೆ."