ಹೆಜ್ಜೆ ಗುರುತಿಸುವ ರಸ್ತೆ

ನವಕೆರೆ ಪೊಲೀಸ್ ಠಾಣೆಯ ಪರದೆಯ ಮೇಲೆ ಹಳದಿ ಚುಕ್ಕಿಯೊಂದು ಮಿನುಗಿತು. ಇಂಚರ ಎಂಬ ಹತ್ತು ವರ್ಷದ ಹುಡುಗಿ ಒಬ್ಬಳೇ ಮನೆಯಿಂದ ಹೊರಬಿದ್ದು ಕೆರೆಯ ಕಡೆಗೆ ನಡೆಯುತ್ತಿದ್ದಳು. ಅವಳ ಮೈಮೇಲೆ ಯಾವ ಸಾಧನವೂ ಇರಲಿಲ್ಲ. ಅವಳನ್ನು ಗುರುತಿಸಿದ್ದು ರಸ್ತೆ.

ಹುಬ್ಬಳ್ಳಿಯ ಹೊರವಲಯದ ನವಕೆರೆ ಬಡಾವಣೆಯಲ್ಲಿ ವಿಜ್ಞಾನಿ ಡಾ. ಪರ್ವೀನ್ ಸವಣೂರ ಡಾಂಬರಿನಡಿ ಸಣ್ಣ ಹರಳುಗಳನ್ನು ಹುದುಗಿಸಿದ್ದರು. ಒತ್ತಡ ಬಿದ್ದೊಡನೆ ಹರಳು ತುಸು ವಿದ್ಯುತ್ ಹೊಮ್ಮಿಸುತ್ತದೆ. ಬೆರಳಚ್ಚಿನಂತೆ ನಡಿಗೆಯೂ ಒಬ್ಬೊಬ್ಬರದು ಒಂದೊಂದು ಬಗೆ. ಹೆತ್ತವರು ನೋಂದಾಯಿಸಿದ ಮಕ್ಕಳ ನಡಿಗೆಯನ್ನು ಮಾತ್ರ ಠಾಣೆಯ ಯಂತ್ರ ಆ ವಿದ್ಯುತ್ತಿನ ಏರಿಳಿತದಿಂದ ಗುರುತು ಹಿಡಿಯುತ್ತಿತ್ತು. ಇಂಚರಳಿಗೆ ಆಟಿಸಂ. ಮಾತು ಬರುತ್ತಿರಲಿಲ್ಲ, ಕೈಗೆ ಏನು ಕಟ್ಟಿದರೂ ಕಿತ್ತೆಸೆಯುತ್ತಿದ್ದಳು. ಅಂಥ ಮಕ್ಕಳಿಗೆಂದೇ ಈ ರಸ್ತೆ.

ಇನ್‌ಸ್ಪೆಕ್ಟರ್ ದೇವರಾಜ ಬಾರ್ಕಿ ಜೀಪು ಹತ್ತಿದರು. ಸೈರನ್ ಕೂಗಿಸುತ್ತ ಕೆರೆ ತಲುಪಿದಾಗ ಹುಡುಗಿ ದಡದ ಮೆಟ್ಟಿಲ ಮೇಲೆ ಕೂತು ನೀರು ನೋಡುತ್ತಿದ್ದಳು. ಸದ್ದಿಗೆ ಕಿವಿ ಮುಚ್ಚಿಕೊಂಡು ಎದ್ದಳು.

"ಏ ಪಾಪಾ, ನಿಲ್ಲು!" ಎಂದು ಬಾರ್ಕಿ ಓಡಿಬಂದರು. ಅವಳು ನೀರಿನತ್ತ ಓಡಿ ಒಳಗೆ ಬಿದ್ದಳು. ಬೂಟು ಸಮೇತ ಧುಮುಕಿ ಅವರೇ ಅವಳನ್ನು ಎಳೆದು ತಂದರು.

ಆಸ್ಪತ್ರೆಯಲ್ಲಿ ಅವಳ ಉಸಿರಾಟ ಹದಕ್ಕೆ ಬರುವ ಹೊತ್ತಿಗೆ ಪರ್ವೀನ್ ಧಾವಿಸಿ ಬಂದರು. "ಯಂತ್ರ ಸರಿಯಾದ ಜಾಗಾನ ತೋರಿಸಿತ್ತಲ್ರೀ?"

"ತೋರಿಸಿತ್ರೀ ಮೇಡಂ," ಎಂದರು ತಾಯಿ ಸವಿತಾ. "ಅಕಿ ಸುಮ್ನ ಕುಂತಿದ್ಲು. ನೀರಿಗೆ ಓಡಿಸಿದವ್ರು ಇವ್ರು."

ಬಾರ್ಕಿಯ ಬಟ್ಟೆ ಇನ್ನೂ ಒದ್ದೆಯಿತ್ತು. "ಲಗೂನ ಕೆರಿ ಮುಟ್ಟಬೇಕಂತ ಸೈರನ್ ಹಾಕಿದ್ನಿರೀ ಅಕ್ಕಾರ. ಏನ್ ಮಾಡಬೇಕಿತ್ತು, ನೀವ ಹೇಳ್ರಿ." ವಾದಕ್ಕಲ್ಲ, ತಿಳಿಯಲೆಂದೇ ಕೇಳಿದ್ದರು.

ಮರುವಾರ ಸವಿತಾ ಠಾಣೆಗೆ ಬಂದು ಎಲ್ಲರಿಗೂ ಹೇಳಿಕೊಟ್ಟರು. ಇಂಥ ಮಕ್ಕಳನ್ನು ನೀರು ಸೆಳೆಯುತ್ತದೆ, ಮೊದಲು ನೀರಿರುವ ಕಡೆ ಹೋಗಿ. ಸದ್ದು ಮಾಡಬೇಡಿ. ಮಗುವಿಗೂ ನೀರಿಗೂ ನಡುವೆ ಇರಿ. ಅಪಾಯವಿಲ್ಲದಿದ್ದರೆ ಮುಟ್ಟಬೇಡಿ, ಕೂತು ಕಾಯಿರಿ.

ಮುಂದಿನ ಸಲ ಇಂಚರ ಕೆರೆಗೆ ಹೋದಾಗ ಬಾರ್ಕಿ ಟೋಪಿಯನ್ನು ಜೀಪಿನಲ್ಲೇ ಬಿಟ್ಟು, ನೀರಿಗೆ ತಾಗಿದ ಮೆಟ್ಟಿಲಲ್ಲಿ ಕೂತರು. ಬಿಸಿಲೇರಿತು. ಕೊನೆಗೆ ಇಂಚರ ತಾನೇ ಎದ್ದು, ಅವರ ಅಂಗಿಯ ತೋಳು ಹಿಡಿದು ಮನೆಯ ಕಡೆ ಎಳೆದಳು.

ಆಮೇಲೆ ಹಲವು ಊರುಗಳು ಈ ರಸ್ತೆ ಬೇಕೆಂದವು. ಕೊಪ್ಪದಕಟ್ಟಿ ಎಂಬ ಸಣ್ಣ ಪಟ್ಟಣಕ್ಕೆ ಪರ್ವೀನ್ ರಸ್ತೆಯ ಅಳತೆಗೆಂದು ಹೋದ ದಿನವೇ ಅಲ್ಲೊಂದು ಮಗು ಕಾಣೆಯಾಗಿತ್ತು. ಸೈರನ್ ಎಲ್ಲೂ ಕೇಳಿಸಲಿಲ್ಲ. ಎಸ್‌ಐ ಸುನಂದಾ ಕಾಲುವೆಯ ಕಡೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಮಗುವಿನೊಡನೆ ನಿಧಾನವಾಗಿ ನಡೆದು ಬಂದರು. ಸವಿತಾ ಈ ಠಾಣೆಗೂ ಬಂದು ಹೇಳಿಕೊಟ್ಟು ಹೋಗಿದ್ದರಂತೆ.

"ನಿಮ್ಮೂರಿಗೆ ಹರಳು ಹಾಕಾಕ ಇನ್ನೂ ಮೂರು ವರ್ಷ ಆಗಬಹುದ್ರೀ," ಎಂದರು ಪರ್ವೀನ್ ಸಂಕೋಚದಿಂದ.

"ಹಾಕ್ರಿ ಮೇಡಂ, ಬೇಕ ಬೇಕು. ಹೋದ ತಿಂಗಳ ಒಂದು ಕೂಸು ರೈಲು ಹಳಿ ಕಡೆ ಹೋಗಿತ್ತು, ಹುಡುಕಿ ಹುಡುಕಿ ಸಿಗೂದ್ರಾಗ ಸಾಕಾತು." ಸುನಂದಾ ಮಗುವಿಗೆ ನೀರು ಕುಡಿಸುತ್ತ ಹೇಳಿದರು. "ಆದ್ರ ಅಲ್ಲೀತನಕ ಮಕ್ಕಳು ಮನ್ಯಾಗ ಕುಂದ್ರೂದಿಲ್ಲಲ್ರೀ."