ಗರಗಸದ ಮುಚ್ಚಳ ಬಿಚ್ಚಿದವರು ಯಾರು?

ಮೇಜಿನ ಗರಗಸ ನಿಂತಿತ್ತು. ಮರದ ಹುಡಿಯ ಮೇಲೆ ರಕ್ತ ಇನ್ನೂ ಒಣಗಿರಲಿಲ್ಲ. ಗರಗಸದ ಹಲ್ಲಿನ ಮೇಲೆ ಕೂರಬೇಕಾದ ಕಬ್ಬಿಣದ ಮುಚ್ಚಳ ಪಕ್ಕದಲ್ಲಿ, ನೆಲದ ಮೇಲೆ ಬಿದ್ದಿತ್ತು.

ಪಾಣೆಮಂಗಳೂರಿನ ಸಂಕಪ್ಪನ ಮರದ ಮಿಲ್ಲಿಗೆ ಪರಮೇಶ್ವರ ಮೇಷ್ಟ್ರು ಉಸಿರು ಬಿಡದೆ ಬಂದಿದ್ದರು. ಎಡಗೈಯ ಹೆಬ್ಬೆರಳು ಕಳೆದುಕೊಂಡು ಆಸ್ಪತ್ರೆ ಸೇರಿದ ನೋಣಯ್ಯ ಅವರಿಂದಲೇ ಮರಗೆಲಸ ಕಲಿತವನು.

ಅಷ್ಟರಲ್ಲಾಗಲೇ ಹೆಡ್ ಕಾನ್‌ಸ್ಟೇಬಲ್ ಅಬ್ದುಲ್ ರಹಿಮಾನ್ ಬೆಂಚಿನಲ್ಲಿ ಕೂತು ವರದಿ ಬರೆಯುತ್ತಿದ್ದರು. ಬೇಗ ಮುಗಿಸುವ ಆಸೆಗೆ ನೋಣಯ್ಯನೇ ಬೆಳಿಗ್ಗೆ ಮುಚ್ಚಳ ಬಿಚ್ಚಿದ, ಬರಿಗೈಯಲ್ಲಿ ಮರ ತಳ್ಳಿದ ಎಂದು ಸಂಕಪ್ಪ ಹೇಳುತ್ತಿದ್ದ. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ತಪ್ಪು ಅವನದೇ ಎಂದು ಕಾಗದದ ಮೇಲೆ ಬಿದ್ದರೆ ಇನ್ನು ಯಾವ ಮಿಲ್ಲಿನವರು ಅವನನ್ನು ಬಾಗಿಲೊಳಗೆ ಬಿಟ್ಟಾರು?

"ಮುಚ್ಚಳ ಬಿಚ್ಚುವ ಸ್ಪ್ಯಾನರ್ ಯಾರ ಹತ್ತಿರ ಇರುವುದು?" ಎಂದು ಅಬ್ದುಲ್ ರಹಿಮಾನ್ ಕೇಳಿದರು.

ಎಂಜಿನ್ ನೋಡಿಕೊಳ್ಳುವ ಅಬ್ಬಾಸ್‌ನ ಪೆಟ್ಟಿಗೆಯಲ್ಲಿ. ಅವನು ತಲೆ ತಗ್ಗಿಸಿ ನಿಂತಿದ್ದ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಣಯ್ಯನ ಕೈಗೆ ಸುತ್ತಿದವನು ಅವನೇ.

ಮೇಷ್ಟ್ರು ಮೇಜಿನಡಿ ಬಗ್ಗಿದರು. ಮರ ತಳ್ಳುವ ಕೋಲು ಸಿಕ್ಕಿತು. ಅದರ ತುದಿಯಲ್ಲಿ ಗರಗಸ ಕಚ್ಚಿದ ಹೊಸ ಗುರುತಿತ್ತು. ಹಾಗಾದರೆ ನೋಣಯ್ಯ ತಳ್ಳಿದ್ದು ಕೋಲಿನಿಂದಲೇ! ಎಡಗೈ ಮರ ಹಿಡಿದಿತ್ತು. ಮರ ಎಗರಿದೆ, ಕೈ ಜಾರಿದೆ. ಮುಚ್ಚಳ ಇದ್ದಿದ್ದರೆ ಬೆರಳು ಉಳಿಯುತ್ತಿತ್ತು.

ಅವರು ಸುತ್ತ ನೋಡಿದರು. ಉಳಿ, ಸುತ್ತಿಗೆ, ಎಂಜಿನ್, ಎಲ್ಲದರ ಮೇಲೂ ಮೊನ್ನೆಯ ಆಯುಧ ಪೂಜೆಯ ಗಂಧ ಕುಂಕುಮ ಹಾಗೇ ಉಂಟು.

"ಪೂಜೆ ಜೋರಿತ್ತೋ ಸಂಕಪ್ಪ?"

"ನಾನೇ ಕೈಯಾರೆ ಮಾಡಿದ್ದು ಮೇಷ್ಟ್ರೇ. ಒಂದು ಮೊಳೆಯನ್ನೂ ಬಿಟ್ಟಿಲ್ಲ."

"ಆ ದಿನ ಮುಚ್ಚಳ ಗರಗಸದ ಮೇಲೆಯೇ ಇತ್ತೋ?"

"ಇರದೆ ಮತ್ತೆ?"

ಮೇಷ್ಟ್ರು ಮುಚ್ಚಳವನ್ನು ಎತ್ತಿ ಅಬ್ದುಲ್ ರಹಿಮಾನರ ಮುಂದೆ ಧಡಕ್ಕನೆ ಇಟ್ಟರು.

"ನೋಡಿ ಇವರೇ. ಮೊಳೆಗೂ ಕುಂಕುಮ ಹಚ್ಚಿದ ಮನುಷ್ಯ ಇದಕ್ಕೊಂದು ಬೊಟ್ಟು ಇಟ್ಟಿಲ್ಲ. ಒಳಗೆ ಜೇಡರ ಬಲೆ. ಮೇಜಿನಲ್ಲಿ ಇದರ ಬೋಲ್ಟು ಕೂರುವ ತೂತು ನೋಡಿ, ಅದರೊಳಗೆ ಕುಂಕುಮ ಉಂಟು. ಪೂಜೆಯ ದಿನವೇ ತೂತು ಖಾಲಿ. ಮುಚ್ಚಳ ಈ ಮಿಲ್ಲಿನಲ್ಲೇ ಇರಲಿಲ್ಲ. ನೋಣಯ್ಯ ಬೆಳಿಗ್ಗೆ ಬಿಚ್ಚಿದ್ದು ಯಾವುದನ್ನು?"

ಅಬ್ಬಾಸ್ ಮೆಲ್ಲನೆ ಬಾಯಿಬಿಟ್ಟ. ಪೂಜೆಗೂ ಮೊದಲು, ಸೋಣ ತಿಂಗಳಿನಲ್ಲೇ ಧಣಿ ಅದನ್ನು ಬಿಚ್ಚಿಸಿ ಮನೆಯ ಕೊಟ್ಟಿಗೆಗೆ ಹಾಕಿಸಿದ್ದರಂತೆ. ಕಿಟಕಿ ಚೌಕಟ್ಟಿನ ಸಂದು ಕೊಯ್ಯುವಾಗ ದಪ್ಪ ಮರ ಅದರಡಿ ಹೋಗುವುದಿಲ್ಲ, ಪ್ರತಿ ಸಲ ಎತ್ತರ ಸರಿಮಾಡುತ್ತ ಕೂತರೆ ಹೊತ್ತು ಹಾಳು ಎಂದು. ನೋಣಯ್ಯ ಎರಡು ಸಲ ಕೇಳಿ ಬೈಸಿಕೊಂಡಿದ್ದನಂತೆ.

"ಇದು ಇಲ್ಲಿಗೆ ಬಂದದ್ದು ಯಾವಾಗ?" ಎಂದು ಅಬ್ದುಲ್ ರಹಿಮಾನ್ ಕೇಳಿದರು.

"ಇವತ್ತು. ನಾನು ಬಟ್ಟೆ ಸುತ್ತುವಾಗ ಧಣಿಗಳು ಕೊಟ್ಟಿಗೆಗೆ ಓಡಿದರು."

ಮೇಷ್ಟ್ರು ಸಂಕಪ್ಪನ ಕಡೆ ತಿರುಗಿದರು. "ಒಬ್ಬನ ಬೆರಳು ನೆಲದಲ್ಲಿ ಬಿದ್ದಿರುವಾಗ ನೀನು ಮುಚ್ಚಳ ತರಲು ಓಡಿದೆಯಾ? ಥೂ! ನೀನು ಮನುಷ್ಯನೇನಯ್ಯ?"

ಅಬ್ದುಲ್ ರಹಿಮಾನ್ ಬರೆದದ್ದನ್ನು ಹರಿದು ಹಾಕಿ ಹೊಸ ಹಾಳೆಯಲ್ಲಿ ಬರೆದರು. ಓದಿ ಹೇಳಿ, ಶಾಯಿಯ ಪ್ಯಾಡನ್ನು ಸಂಕಪ್ಪನ ಮುಂದೆ ತಳ್ಳಿದರು.

"ಎಡಗೈ ಹೆಬ್ಬೆಟ್ಟು ಒತ್ತಿ."

ಸಂಕಪ್ಪ ಕೈ ಚಾಚಿದ. ಅದರಲ್ಲಿ ಐದು ಬೆರಳೂ ಇದ್ದವು.