ಎರಡು ಸಲ ಹತ್ತಿದ ಘಟ್ಟ

“ಅಯ್ಯೋ, ನಿಲ್ಲಿಸಿ! ಆ ಕಡೆ ತಿರುಗಿಸಬೇಡಿ!”

ದೋಣಿಕಟ್ಟೆಯ ಮೇಲೆ ಮಂಡಿಯೂರಿ ಕೂತಿದ್ದವಳು ಸ್ಪ್ಯಾನರ್ ಹಿಡಿದುಕೊಂಡೇ ತಲೆ ಎತ್ತಿದಳು. ಪೆಡಲ್ ಬಿಚ್ಚಿದರೆ ಮಾತ್ರ ಸೈಕಲ್ಲಿಗೆ ಜಾಗ ಎಂದು ದೋಣಿಯವನು ಸನ್ನೆಯಲ್ಲೇ ಹೇಳಿ ಹೋಗಿ ಕಾಲು ಗಂಟೆಯಾಗಿತ್ತು. ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಕೂಗಿದವನು ಎದುರಿಗೆ ನಿಂತಿದ್ದ. ಪರದೇಶಕ್ಕೆ ಬಂದ ನಾಲ್ಕು ದಿನದಲ್ಲಿ ಅವಳ ಕಿವಿಗೆ ತನ್ನ ಭಾಷೆ ಬಿದ್ದದ್ದು ಇದೇ ಮೊದಲು!

“ನಾನು ಯಾವ ಭಾಷೆಯವಳು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಐದು ನಿಮಿಷದಿಂದ ಪೆಡಲ್‌ಗೆ ಬಯ್ತಾ ಇದ್ರಲ್ಲ... ಚೆನ್ನಾಗಿ ಬಯ್ತೀರಾ.”

ಅವಳ ಮುಖ ಕೆಂಪಾಯಿತು.

“ಎಡಗಡೆ ಪೆಡಲ್ ಮಾತ್ರ ಉಲ್ಟಾ ಬಿಚ್ಚಬೇಕು. ಇಷ್ಟು ಹೊತ್ತು ನೀವು ಅದನ್ನ ಬಿಗಿ ಮಾಡ್ತಿದ್ರಿ. ಕೊಡಿ ಇಲ್ಲಿ.” ಅವನು ಕೈ ಚಾಚಿದ.

ಅವಳು ಸ್ಪ್ಯಾನರ್ ಕೊಡಲಿಲ್ಲ.

“ಯಾವ ಕಡೆ ಅಂತ ಹೇಳಿ, ಸಾಕು.”

ಅವನು ಹೇಳಿದ. ಅವಳು ಹಲ್ಲು ಕಚ್ಚಿ ತಿರುಗಿಸಿದಳು. ಪೆಡಲ್ ಬಂತು. ಕೈಗೆ ಮಸಿಯೂ ಬಂತು.

ಆ ‘ಕೊಡಿ ಇಲ್ಲಿ’ ಎಂಬ ಮಾತೇ ಅವಳಿಗೆ ಆಗಿಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೆ ಉಬ್ಬಸ. ಹತ್ತನೇ ಕ್ಲಾಸಿನವರೆಗೂ ಅವಳ ಸ್ಕೂಲ್ ಬ್ಯಾಗನ್ನು ಹೊತ್ತದ್ದು ಅಕ್ಕ. ಉಬ್ಬಸ ಹೋಗಿ ಎಷ್ಟೋ ವರ್ಷವಾದರೂ ಮನೆಯಲ್ಲಿ ಅವಳು ನೀರಿನ ಬಕೆಟ್ ಎತ್ತಿದರೆ ಮೂರು ಜನ ಓಡಿಬರುತ್ತಿದ್ದರು. ಮೂವತ್ತೊಂದು ವರ್ಷದವಳು, ಲ್ಯಾಬಿನಲ್ಲಿ ಕೂತು ಊರಿನವರಿಗೆಲ್ಲ ಕೃತಕ ಹಲ್ಲು ತಯಾರಿಸುವವಳು, ಒಂದು ಬಕೆಟ್ ಎತ್ತಲಾರಳೇ?

ಅದಕ್ಕೇ ಈ ಪ್ರಯಾಣ. ನಾಲ್ಕು ದೇಶ, ಎರಡು ತಿಂಗಳು, ಒಂದು ಸೈಕಲ್. ತನ್ನ ಸಾಮಾನು ತಾನೇ ಹೊತ್ತು, ಒಂದು ಕಿಲೋಮೀಟರನ್ನೂ ಬಿಡದೆ ತುಳಿಯಬೇಕು. “ಒಂದೇ ವಾರಕ್ಕೆ ವಾಪಸ್ ಬರ್ತೀಯಾ ನೋಡು” ಎಂದಿದ್ದಳು ಅಕ್ಕ.

ಇನ್ನು ಅವನು ಲಿಫ್ಟ್ ಮೆಕ್ಯಾನಿಕ್. ಹನ್ನೆರಡು ವರ್ಷ ಮೇಲೆ ಕೆಳಗೆ ಓಡಾಡಿ ಬೇಜಾರಾಗಿ, ಒಂದು ಸಲ ಉದ್ದಕ್ಕೆ ಹೋಗೋಣವೆಂದು ಸೈಕಲ್ ಹತ್ತಿದವನು. ಹಲ್ಲು ಕಟ್ಟುವವಳಿಗೂ ಲಿಫ್ಟ್ ರಿಪೇರಿಯವನಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಬಹುದು. ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಸೈಕಲ್ ತುಳಿದರೆ ಎಲ್ಲರ ಸೊಂಟವೂ ಒಂದೇ ಥರ ನೋಯುತ್ತದೆ, ಅಷ್ಟೇ.

ದಾರಿ ಒಂದೇ ಆಗಿತ್ತು. ಜೊತೆಯಾದರು.

ಬೆಳಿಗ್ಗೆ ಐದಕ್ಕೆ ಎದ್ದು ಹೊರಡುವುದು. ಹನ್ನೊಂದರ ಹೊತ್ತಿಗೆ ಬಿಸಿಲು ತಲೆ ಸೀಳುವಂತೆ ಏರುವ ಮುಂಚೆ ನೆರಳು ಹುಡುಕುವುದು. ಮೂರಕ್ಕೆ ಹೇಳಿ ಕಳಿಸಿದಂತೆ ಮಳೆ. ಸಂಜೆ ಲಾಡ್ಜಿನ ಫ್ಯಾನಿನ ಕೆಳಗೆ ಒದ್ದೆ ಸಾಕ್ಸು. ಲಾಡ್ಜ್ ಸಿಗದ ಕಡೆ ಇಬ್ಬರದೂ ಟೆಂಟು, ಅವಳ ಪುಟ್ಟ ಒಲೆಯ ಮೇಲೆ ಅನ್ನ. ಪಾಸ್‌ಪೋರ್ಟಿನಲ್ಲಿ ಎರಡನೇ ಮುದ್ರೆ ಬಿತ್ತು, ಮೂರನೆಯದೂ ಬಿತ್ತು. ಅವಳ ಮೊಣಕೈ ಬಿಸಿಲಿಗೆ ಎರಡು ಬಣ್ಣವಾಯಿತು. ಅವನು ಹಾಡಿದರೆ ಶ್ರುತಿ ಇರುವುದಿಲ್ಲ, ಆದರೆ ಅವನು ಹಾಡದ ದಿನ ರಸ್ತೆ ಉದ್ದವೆನಿಸುತ್ತದೆ ಎಂಬುದೂ ಗೊತ್ತಾಯಿತು.

‘ಇದೇನಿದು ನನಗೆ?’ ಎಂದು ಅವಳು ತನ್ನನ್ನೇ ಗದರಿಕೊಂಡಳು. ಗದರಿದರೂ ಮನಸ್ಸು ಕೇಳಲಿಲ್ಲ.

ಆರನೇ ವಾರ ಘಟ್ಟ ಬಂತು. ನಕ್ಷೆಯಲ್ಲಿ ಅವಳು ಮೊದಲ ದಿನವೇ ಕೆಂಪು ಗುರುತು ಹಾಕಿಕೊಂಡಿದ್ದ ಘಟ್ಟ. ಇಪ್ಪತ್ನಾಲ್ಕು ಕಿಲೋಮೀಟರ್ ಬರೀ ಏರು.

ಆ ಬೆಳಿಗ್ಗೆ ಅವಳು ಲಾಡ್ಜಿನ ಒಳಗೆ ಬಾಟಲಿಗೆ ನೀರು ತುಂಬಿಸಿ ಬರುವಷ್ಟರಲ್ಲಿ ಅವನು ಎರಡೂ ಸೈಕಲ್ಲಿಗೆ ಚೀಲ ಕಟ್ಟಿ ನಿಲ್ಲಿಸಿದ್ದ. ಹೊರಟರು. ಅವಳಿಗೇ ಆಶ್ಚರ್ಯ! ಸೈಕಲ್ ಹಗುರಾಗಿ ಏರುತ್ತಿತ್ತು. ‘ಐದು ವಾರ ತುಳಿದದ್ದು ಸುಮ್ಮನೆ ಹೋಗಲಿಲ್ಲ, ಕಾಲು ಗಟ್ಟಿಯಾಗಿದೆ’ ಎಂದು ಹಿಗ್ಗಿದಳು. ಅವನೇ ಏದುಸಿರು ಬಿಡುತ್ತ ಹಿಂದೆ ಬಿದ್ದ.

ತುದಿ ಮುಟ್ಟಿದವಳೇ ಅಕ್ಕನಿಗೆ ಫೋನ್ ಮಾಡಿದಳು.

“ಅಕ್ಕಾ! ಹತ್ತಿಬಿಟ್ಟೆ! ಎಲ್ಲಾ ಸಾಮಾನು ನಾನೇ ಹೊತ್ಕೊಂಡು, ಎಲ್ಲೂ ತಳ್ಳದೆ!”

“ನಿಜವಾಗ್ಲೂ ಏನೇ? ನಮ್ಮ ಪುಟ್ಟೀನಾ?”

ಫೋನ್ ಇಟ್ಟಾಗ, ಮೂರಾಗುವ ಮುಂಚೆಯೇ, ಹನಿ ಶುರುವಾಯಿತು. ಮಳೆ ಅಂಗಿಗೆಂದು ಚೀಲ ಬಿಚ್ಚಿದಳು. ಒಲೆ ಇಲ್ಲ. ಪಾತ್ರೆ ಇಲ್ಲ. ಟೂಲ್ ಚೀಲ, ಬೀಗದ ಸರಪಳಿ, ತಿಂಡಿ ಡಬ್ಬ, ಯಾವುದೂ ಇಲ್ಲ. ಆ ಜಾಗದಲ್ಲಿ ಉಬ್ಬಿಕೊಂಡು ಕೂತಿದ್ದದ್ದು ಅವನ ಹಗುರವಾದ ಹಾಸಿಗೆ ಚೀಲ!

ಅಷ್ಟರಲ್ಲಿ ಅವನು ಮೇಲೆ ಬಂದ. ಅವಳು ಅವನ ಚೀಲದ ಬಕ್ಕಲ್ ಬಿಚ್ಚಿದಳು. ಒಂದೊಂದೇ ಸಾಮಾನು ಹೊರಗೆ ಬಂತು. ಏಳು ಕೆಜಿ ಆದರೂ ಇದ್ದೀತು.

“ಏನಿದು?”

“ಅದು... ಲಿಫ್ಟ್‌ಗೆ ಹಿಂದುಗಡೆ ತೂಕ ಸರಿದೂಗಿಸೋಕೆ ಎದುರುಭಾರ ಅಂತ ಇರತ್ತೆ. ಅದಿಲ್ಲದಿದ್ರೆ ಮೋಟಾರ್ ಸುಟ್ಟೋಗತ್ತೆ. ಯಾರಾದ್ರೂ ಮೇಲೆ ಹತ್ತಬೇಕು ಅಂದ್ರೆ ನನ್ನ ಕೈ ತಾನಾಗೇ ಭಾರ ಸರಿಮಾಡತ್ತೆ...”

“ನಾನು ಲಿಫ್ಟ್ ಅಲ್ಲ!”

“ಸುಸ್ತಾಗತ್ತೆ ಅಂತ...”

“ನನ್ನ ಸುಸ್ತು ನಂದು ಕಣ್ರೀ! ಅದನ್ನೂ ನೀವೇ ತಗೊಂಡ್ರೆ ನನಗೇನು ಉಳೀತು? ಈಗಷ್ಟೇ ಅಕ್ಕನಿಗೆ ಸುಳ್ಳು ಹೇಳಿದ ಹಾಗಾಯ್ತು...” ಪ್ರೀತಿ ಮೂಡಿದ್ದ ಜಾಗದಲ್ಲೇ ಏಟು ಬಿದ್ದಿತ್ತು. ನೋವು ಅದಕ್ಕೇ ಹೆಚ್ಚು.

ಹಾಸಿಗೆ ಚೀಲವನ್ನು ಅವನ ಕೈಗೆ ತುರುಕಿ, ತನ್ನ ಸಾಮಾನೆಲ್ಲ ತನ್ನ ಚೀಲಕ್ಕೆ ತುಂಬಿಕೊಂಡಳು. ಸೈಕಲ್ ತಿರುಗಿಸಿದಳು.

“ಎಲ್ಲಿಗೆ?”

“ಕೆಳಗೆ. ನಾಳೆ ಮತ್ತೆ ಹತ್ತುತ್ತೀನಿ.”

“ನಾನೂ ಬರ್ತೀನಿ!”

“ಬೇಡ. ನೀವು ಮುಂದೆ ಹೋಗಿ. ನನಗೋಸ್ಕರ ಕಾಯಬೇಡಿ.”

ಏರಿದ್ದ ಇಪ್ಪತ್ನಾಲ್ಕು ಕಿಲೋಮೀಟರನ್ನು ಅವಳು ಮಳೆಯಲ್ಲಿ ಬ್ರೇಕ್ ಹಿಡಿದುಕೊಂಡು ಇಳಿದಳು. ಮಳೆಯಾದದ್ದು ಒಳ್ಳೆಯದೇ ಆಯಿತು, ಅತ್ತದ್ದು ಯಾರಿಗೂ ಕಾಣಲಿಲ್ಲ. ಲಾಡ್ಜಿನ ಯಜಮಾನಿ ಇವಳನ್ನು ನೋಡಿ ಏನೋ ಕೇಳಿದಳು. ಭಾಷೆ ತಿಳಿಯಲಿಲ್ಲ. ಅದೇ ಕೋಣೆಯ ಬೀಗದ ಕೈ ಕೊಟ್ಟಳು.

ಮರುದಿನ ಬೆಳಿಗ್ಗೆ ಚೀಲವನ್ನು ತಾನೇ ತುಂಬಿದಳು, ತಾನೇ ಕಟ್ಟಿದಳು. ಎರಡನೇ ಕಿಲೋಮೀಟರಿಗೇ ಅರಿವಾಯಿತು, ಏಳು ಕೆಜಿ ಎಂದರೆ ಹುಡುಗಾಟವಲ್ಲ. ನಿನ್ನೆ ಎದ್ದು ನಿಂತು ತುಳಿದ ತಿರುವಿನಲ್ಲಿ ಇಂದು ಸೈಕಲ್ ಆಮೆಯಂತೆ ತೆವಳಿತು. ಎಂಟು ಸಲ ನಿಂತಳು. ಉಸಿರು ಸಿಕ್ಕಿಕೊಂಡಿತು. ಕೂತು, ಸುಧಾರಿಸಿಕೊಂಡು, ಮತ್ತೆ ಹತ್ತಿದಳು. ‘ಅವನು ಹೊರಟುಹೋಗಿರುತ್ತಾನೆ. ಹೋಗಲಿ. ನಾನೇ ಹೇಳಿದ್ದಲ್ಲವೇ?’ ಎಂದುಕೊಂಡಳು. ಆದರೂ ಪ್ರತಿ ತಿರುವಿನಲ್ಲೂ ಕಣ್ಣು ಮೇಲಿನ ರಸ್ತೆಯನ್ನು ಹುಡುಕಿತು.

ಹತ್ತೊಂಬತ್ತನೇ ಕಿಲೋಮೀಟರಿನಲ್ಲಿ ಟಕ್ ಎಂದು ಚೈನ್ ತುಂಡಾಯಿತು.

ಅವಳು ರಸ್ತೆ ಬದಿಗೆ ಕೂತು ಟೂಲ್ ಚೀಲ ಬಿಚ್ಚುವಾಗ ಮೇಲಿನ ತಿರುವಿನಿಂದ ಒಂದು ಸೈಕಲ್ ಇಳಿದುಬಂತು. ಅವನೇ! ಹತ್ತು ಹೆಜ್ಜೆ ದೂರದಲ್ಲೇ ನಿಂತ. ಹತ್ತಿರ ಬರಲಿಲ್ಲ.

“ಹೋಗಿಲ್ವಾ?”

“ಇಲ್ಲ. ರಾತ್ರಿ ಮೇಲೇ ಟೆಂಟ್ ಹಾಕ್ಕೊಂಡಿದ್ದೆ. ಎಷ್ಟು ದೂರ ಬಂದಿದ್ದೀರಾ ಅಂತ ನೋಡೋಣ ಅಂತ...” ತುಂಡಾದ ಚೈನ್ ನೋಡಿದ. ಕೈ ಮುಂದೆ ಬಂತು. ತಟ್ಟನೆ ಹಿಂದಕ್ಕೆಳೆದುಕೊಂಡ. “ಕೈ ಹಾಕ್ಲಾ?”

“ಬೇಡ.”

“ಸರಿ.”

ರಸ್ತೆಯ ಕಟ್ಟೆಯ ಮೇಲೆ, ಎರಡೂ ಕೈಯನ್ನು ತೊಡೆಯಡಿ ಹಾಕಿಕೊಂಡು ಕೂತ. ಬಿಸಿಲು ಏರಿತು. ಅವಳು ಮುರಿದ ಕೊಂಡಿ ತೆಗೆದು, ಸಣ್ಣ ಪಿನ್ನನ್ನು ಕೂದಲೆಳೆಯಷ್ಟು ಒತ್ತಿ, ನೋಡಿ, ಮತ್ತೆ ಒತ್ತಿದಳು. ಹಲ್ಲು ಕಟ್ಟುವ ಅವಳ ಬೆರಳಿಗೆ ಅದು ದಿನದ ಕೆಲಸ.

“ಪಿನ್ ಪೂರ್ತಿ ಆಚೆ ಬರದ ಹಾಗೆ...”

“ಗೊತ್ತು.”

“ಹ್ಞಾಂ. ಬಾಯಿ ಮುಚ್ಕೊಂಡೆ.”

ಅವಳಿಗೆ ನಗು ಬಂತು. ತೋರಿಸಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಚೈನ್ ತಿರುಗಿತು. ಉಳಿದ ಐದು ಕಿಲೋಮೀಟರ್ ಅವಳು ಮುಂದೆ, ಅವನು ಹಿಂದೆ. ತುದಿ ಮುಟ್ಟಿದ ಮೇಲೆ ಅವಳು ಇಳಿದಳು. ಸೈಕಲ್ ಪಕ್ಕದಲ್ಲೇ ನೆಲದ ಮೇಲೆ ಕೂತು ಮನಸಾರೆ ಅತ್ತಳು. ಈ ಸಲ ಮಳೆ ಇರಲಿಲ್ಲ. ಅವನು ನೋಡುತ್ತಿದ್ದರೂ ಅವಳಿಗೆ ನಾಚಿಕೆಯಾಗಲಿಲ್ಲ.

“ತಪ್ಪಾಯ್ತು,” ಎಂದ ಅವನು. “ನಿಮಗೋಸ್ಕರ ಮಾಡಿದ್ದು ಅಂದ್ಕೊಂಡಿದ್ದೆ. ನಿನ್ನೆಯಿಂದ ಯೋಚ್ನೆ ಮಾಡಿದೆ. ನನಗೋಸ್ಕರ ಮಾಡಿದ್ದು. ಘಟ್ಟ ಹತ್ತೋಕಾಗದೆ ನೀವು ಬಸ್ ಹಿಡಿದು ಊರಿಗೆ ಹೋಗ್ಬಿಟ್ರೆ ಅಂತ ಭಯ ಆಗಿತ್ತು.”

“ಹೋದ್ರೆ ನಿಮಗೇನು?”

“ನೀವಂದ್ರೆ ನನಗೆ ಇಷ್ಟ. ಇದನ್ನ ಮೊದಲೇ ಬಾಯಿಬಿಟ್ಟು ಹೇಳಿದ್ರೆ ಏಳು ಕೆಜಿ ಹೊರೋದು ತಪ್ತಿತ್ತು.”

ಅವಳು ಅಳುವಿನ ಮಧ್ಯೆಯೇ ನಕ್ಕಳು. ಮೂಗು ಒರೆಸಿಕೊಂಡಳು. ಆಮೇಲೆ ಚೀಲ ಬಿಚ್ಚಿ, ಒಲೆಯನ್ನೂ ಪಾತ್ರೆಯನ್ನೂ ತೆಗೆದು ಅವನ ಮುಂದಿಟ್ಟಳು.

“ತಗೋ. ಇನ್ಮೇಲೆ ಇದು ನಿನ್ನ ಚೀಲದಲ್ಲಿರಲಿ. ಈಗ ನಾನಾಗೇ ಕೊಡ್ತಿದೀನಿ.”

‘ನಿನ್ನ’ ಎಂದದ್ದು ಕೇಳಿ ಅವನು ಎರಡೂ ಕೈ ಚಾಚಿ ಒಲೆಯನ್ನು ತೆಗೆದುಕೊಂಡ.

“ಬದಲಿಗೆ ನಿನ್ನದೇನು ನನಗೆ ಕೊಡ್ತೀಯಾ?” ಎಂದಳು.

ಅವನು ಹುಡುಕಿ ಟೆಂಟಿನ ಕಂಬಿಗಳನ್ನು ತೆಗೆದ. ಅವಳು ಅವನ್ನು ತನ್ನ ಚೀಲಕ್ಕೆ ತುರುಕಿದಳು. ತುರುಕುವಾಗ ಕೈಗೆ ಗಾಳಿ ಪಂಪು ಸಿಕ್ಕಿತು. ಅವನ ಸೈಕಲ್ಲಿಗೂ ಒಂದು ಕಟ್ಟಿತ್ತು.

“ಪಂಪು ಎರಡು ಯಾಕೆ? ಒಂದನ್ನ ಇಲ್ಲೇ ಯಾರಿಗಾದ್ರೂ ಕೊಟ್ಟು ಹೋಗೋಣ,” ಎಂದಳು.

“ಯೋಚ್ನೆ ಮಾಡಿ ಹೇಳು. ಒಂದೇ ಪಂಪು ಅಂದ್ರೆ ಮಧ್ಯದಲ್ಲಿ ಬೇರೆ ಬೇರೆ ದಾರಿ ಹಿಡಿಯೋ ಹಾಗಿಲ್ಲ.”

“ಹಿಡಿಯೋ ಯೋಚ್ನೆ ಇದೆಯಾ ನಿಂಗೆ?”

“ಇಲ್ಲ.”

“ನನಗೂ ಇಲ್ಲ. ಏಳು, ಬಿಸಿಲು ಏರ್ತಾ ಇದೆ.”